ಎತ್ತರದ ಬೈಕು, ಎಟುಕದ ನೆಲ

ಮೋಟಾರ್‌ಸೈಕಲ್ ಕಂಪನಿಗಳು ಕೊಡುವ ಮಾಹಿತಿ ಪಟ್ಟಿಯಲ್ಲಿ ಸೀಟಿನ ಎತ್ತರ ಎಂಬ ಒಂದು ಸಾಲು ಇರುತ್ತದೆ. ಕುಳ್ಳಗಿರುವವರು ಮೊದಲು ಓದುವುದು ಅದನ್ನೇ. ಇಂಜಿನ್ನಿನ ಶಕ್ತಿ, ಮೈಲೇಜು, ಬೆಲೆ ಎಲ್ಲ ಆಮೇಲೆ. ನನ್ನ ಎತ್ತರ ಐದು ಅಡಿ ಒಂದು ಇಂಚು. ನಾನು ಓಡಿಸುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಸೀಟು ನೆಲದಿಂದ 800 ಮಿಲಿಮೀಟರ್ ಮೇಲಿದೆ. ಪೆಟ್ರೋಲ್ ಸಮೇತ ತೂಕ 199 ಕಿಲೋ. ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ಕೇಳಿದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಕಾಲು ಎಟುಕುತ್ತದೆಯೇ? ಎರಡೂ ಪಾದಗಳನ್ನು ಒಟ್ಟಿಗೆ ಊರುವಷ್ಟು ಎಟುಕುವುದಿಲ್ಲ. ನಟ್ಟನಡುವೆ ಕುಳಿತರೆ ಎರಡು ಕಡೆಯೂ ಹೆಬ್ಬೆರಳ ತುದಿ ನೆಲವನ್ನು ಮುಟ್ಟಿ ಮುಟ್ಟದಂತೆ ಸವರುತ್ತದೆ. ಇದರಿಂದ ತೊಂದರೆಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತೊಂದರೆ ಇರುವುದು ಜನ ಊಹಿಸುವ ಜಾಗದಲ್ಲಿ ಅಲ್ಲ.

ಓಡುವ ಬೈಕಿಗೆ ಕಾಲಿನ ಹಂಗಿಲ್ಲ. ಸ್ವಲ್ಪ ವೇಗ ಬಂದ ಮೇಲೆ ಅದು ತನ್ನನ್ನು ತಾನೇ ನೆಟ್ಟಗೆ ಹಿಡಿದುಕೊಳ್ಳುತ್ತದೆ. ಅಲ್ಲಿ ಆರಡಿಯವನಿಗೂ ನನಗೂ ವ್ಯತ್ಯಾಸವಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ಒರಗಿ ನಿಂತ ಬೈಕಿಗೂ ನನ್ನ ಎತ್ತರ ಕಟ್ಟಿಕೊಂಡು ಏನೂ ಆಗಬೇಕಾಗಿಲ್ಲ. ಇವೆರಡರ ನಡುವೆ ಒಂದು ಸಣ್ಣ ಅಂತರವಿದೆ: ನಿಲ್ಲುವ ಮುಂಚಿನ ಎರಡು ಮಾರು, ಹೊರಟ ಮೇಲಿನ ಒಂದು ಮಾರು. ಎಲ್ಲ ತಾಪತ್ರಯವೂ ಅಷ್ಟರೊಳಗೇ ಅಡಗಿದೆ. ಉದ್ದ ಕಾಲಿನವರು ಎಲ್ಲಿ ಬೇಕಾದರೂ ನಿಲ್ಲುತ್ತಾರೆ, ಆದ್ದರಿಂದ ಎಲ್ಲಿ ನಿಲ್ಲಬೇಕೆಂದು ಯೋಚಿಸುವ ಅಭ್ಯಾಸವೇ ಅವರಿಗಿಲ್ಲ. ನಾನು ನಿಲ್ಲುವ ಜಾಗವನ್ನು ಆರಿಸಿಕೊಂಡು ನಿಲ್ಲುತ್ತೇನೆ. ಕಲಿತದ್ದೆಲ್ಲ ಬಹುಮಟ್ಟಿಗೆ ಇಷ್ಟೇ. ಉಳಿದದ್ದು ಇದರ ವಿವರ.

ಮೊದಲು ಅಳತೆಯ ಮಾತು. ಬೈಕಿನ ವಿಷಯದಲ್ಲಿ ತಲೆಯವರೆಗಿನ ಎತ್ತರಕ್ಕೆ ಬೆಲೆಯಿಲ್ಲ. ಬೇಕಾಗಿರುವುದು ಒಳಗಾಲಿನ ಉದ್ದ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಿನಲ್ಲಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಬೇಕು. ನನ್ನದು 71 ಸೆಂಟಿಮೀಟರ್. ಬೂಟಿನ ಅಡಿ ಮೂರು ಸೆಂಟಿಮೀಟರ್ ಸೇರಿಸುತ್ತದೆ. ನಾನು ಕುಳಿತಾಗ ಸ್ಪ್ರಿಂಗ್ ತಗ್ಗುವುದರಿಂದ ಸೀಟು ಎರಡು ಮೂರು ಸೆಂಟಿಮೀಟರ್ ಕೆಳಗೆ ಬರುತ್ತದೆ. ಇಷ್ಟಾದ ಮೇಲೂ ಲೆಕ್ಕ ಕೂಡುವುದಿಲ್ಲ, ಏಕೆಂದರೆ ಸೀಟಿಗೆ ಅಗಲವೂ ಇದೆ. ತೊಡೆಗಳು ಹೊರಕ್ಕೆ ಹರಡಿಕೊಂಡಷ್ಟೂ ಕಾಲು ಮೋಟಾಗುತ್ತದೆ. ಮಾಹಿತಿ ಪಟ್ಟಿ ಎತ್ತರವನ್ನು ಮಾತ್ರ ಹೇಳಿ ಅಗಲದ ಬಗ್ಗೆ ಸುಮ್ಮನಿರುತ್ತದೆ. ಹಾಗಾಗಿ ಒಂದೇ ಎತ್ತರದ ಎರಡು ಸೀಟುಗಳ ಪೈಕಿ ಒಂದರ ಮೇಲೆ ಪಾದ ಊರಬಹುದು, ಇನ್ನೊಂದರ ಮೇಲೆ ಜೋತಾಡಬೇಕಾಗಬಹುದು.

ಅಂದ ಹಾಗೆ, ಕುಳ್ಳು ಎಂದರೆ ಎಷ್ಟು? ಜಗತ್ತಿನ ನಾನಾ ದೇಶಗಳ ಜನರ ಎತ್ತರವನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, 1996ರಲ್ಲಿ ಹುಟ್ಟಿದ ಭಾರತೀಯ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್, ಹೆಂಗಸರದು ಸುಮಾರು 153. ಆ ಲೆಕ್ಕದಲ್ಲಿ 155 ಸೆಂಟಿಮೀಟರಿನ ನಾನು ಹೆಂಗಸರ ಸರಾಸರಿಗಿಂತ ಎತ್ತರದವಳು! ಹಾಸನದ ನಮ್ಮ ಬೀದಿಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ, ಅದು ಬೇರೆ ಮಾತು. ಎಟುಕದಿರುವುದು ನಾಲ್ಕಾರು ಜನರ ಕೊರತೆಯಲ್ಲ, ಈ ದೇಶದಲ್ಲಿ ಹೆಚ್ಚಿನವರ ಸ್ಥಿತಿಯೇ ಅದು. ಆದರೂ ಶೋರೂಮಿಗೆ ಹೋದಾಗ ಮೊದಲು ಬರುವ ಸಲಹೆ, ಮೇಡಂ, ಅದೇ ಕಂಪನಿಯ ಮೀಟಿಯರ್ ನೋಡಿ ಎಂದು. ಮೀಟಿಯರ್ 350ರ ತೂಕ 191 ಕಿಲೋ, ಸೀಟು 765 ಮಿಲಿಮೀಟರ್. ಸಲಹೆಯಲ್ಲಿ ತಪ್ಪಿಲ್ಲ, ಡಾಂಬರಿನ ಮೇಲಷ್ಟೇ ಓಡಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನನಗೆ ಬೇಕಾಗಿದ್ದದ್ದು ಸಕಲೇಶಪುರದ ಕಡೆಯ ತೋಟದ ದಾರಿಗಳಲ್ಲಿ ಹೋಗುವ ಗಾಡಿ.

ಅಂತಹ ಗಾಡಿ ಎತ್ತರವಾಗಿರುವುದು ಸುಮ್ಮನೆ ಅಲ್ಲ. ಹಿಮಾಲಯನ್ 411ರ ಮುಂದಿನ ಗಾಲಿ 200 ಮಿಲಿಮೀಟರ್, ಹಿಂದಿನದು 180 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಹೊಟ್ಟೆಯ ಅಡಿಗೂ ನೆಲಕ್ಕೂ ನಡುವೆ 220 ಮಿಲಿಮೀಟರ್ ಜಾಗವಿದೆ. ಮುಂದೆ 21 ಇಂಚಿನ ಗಾಲಿ. ಕಲ್ಲು ಹತ್ತಲು ದೊಡ್ಡ ಗಾಲಿ ಬೇಕು, ಗಾಲಿ ಆಡಲು ಜಾಗ ಬೇಕು, ಅದರ ಮೇಲೆ ಇಂಜಿನ್ನು, ಅದರ ಮೇಲೆ ಸೀಟು. ಸೀಟನ್ನು ಕೆಳಕ್ಕೆ ತರಬೇಕೆಂದರೆ ಇವುಗಳಲ್ಲಿ ಯಾವುದೋ ಒಂದನ್ನು ಕಡಿಯಬೇಕು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ತೂಕದ ಬಗ್ಗೆ ಇರುವ ಭಯ ಅರ್ಧ ಸರಿ, ಅರ್ಧ ತಪ್ಪು. 199 ಕಿಲೋ ಎಂದ ಕೂಡಲೇ ಅಷ್ಟನ್ನೂ ತೋಳಿನಲ್ಲಿ ಹೊರಬೇಕು ಎನ್ನುವ ಚಿತ್ರ ಮನಸ್ಸಿಗೆ ಬರುತ್ತದೆ. ಬೈಕು ಲಂಬವಾಗಿ ನಿಂತಿದ್ದರೆ ಆ ತೂಕ ಪೂರ್ತಿ ಎರಡು ಗಾಲಿಗಳ ಮೇಲಿರುತ್ತದೆ. ಒಂದು ಬೆರಳಿನಿಂದ ಹಿಡಿದು ನಿಲ್ಲಿಸಬಹುದು. ವಾಲತೊಡಗಿದಾಗ ಕಥೆ ಬದಲಾಗುತ್ತದೆ. ತೂಕದ ಕೇಂದ್ರ ನೆಲದಿಂದ ಐವತ್ತೈದು ಸೆಂಟಿಮೀಟರ್ ಮೇಲಿದೆ, ಹಿಡಿದ ಕೈ ತೊಂಬತ್ತು ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಂಡು ನಾನೇ ಒಂದು ಲೆಕ್ಕ ಹಾಕಿದೆ. 5 ಡಿಗ್ರಿ ವಾಲಿದಾಗ ಕೈಗೆ ಬೀಳುವ ಭಾರ ಹತ್ತು ಕಿಲೋ ಆಸುಪಾಸು. 15 ಡಿಗ್ರಿಗೆ ಮೂವತ್ತು ಕಿಲೋ. 30 ಡಿಗ್ರಿಗೆ ಅರವತ್ತು. ಅಂದರೆ ಹಿಡಿಯುವ ಅವಕಾಶವೆಲ್ಲ ಮೊದಲ ಕೆಲವು ಡಿಗ್ರಿಗಳಲ್ಲೇ ಇದೆ. ಅದು ದಾಟಿತೆಂದರೆ ಪೈಲ್ವಾನನೂ ಹಿಡಿಯಲಾರ, ಹಿಡಿಯಲು ಹೋಗಿ ಸೊಂಟ ಉಳುಕಿಸಿಕೊಳ್ಳುತ್ತಾನೆ. ಉದ್ದ ಕಾಲು ಕೊಡುವ ಲಾಭವೂ ಇಷ್ಟೇ: ಕಾಲು ಬೇಗ ನೆಲ ಮುಟ್ಟುವುದರಿಂದ ವಾಲುವಿಕೆ ಎರಡು ಮೂರು ಡಿಗ್ರಿಯಲ್ಲೇ ನಿಲ್ಲುತ್ತದೆ. ನನಗೆ ಆ ಲಾಭವಿಲ್ಲ, ಆದ್ದರಿಂದ ಬೈಕನ್ನು ವಾಲಲು ಬಿಡದೆ ನಿಲ್ಲಿಸುವುದನ್ನು ಕಲಿಯಬೇಕಾಯಿತು. ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ಈ ಬೈಕಿನ ಟ್ಯಾಂಕು 15 ಲೀಟರಿನದು. ತುಂಬಿಸಿದರೆ ಸುಮಾರು 11 ಕಿಲೋ ತೂಕ, ಅದೂ ಎಲ್ಲಕ್ಕಿಂತ ಮೇಲೆ ಕುಳಿತಿರುತ್ತದೆ. ಕಲಿಯುವ ದಿನಗಳಲ್ಲಿ ಅರ್ಧ ಟ್ಯಾಂಕ್ ಸಾಕು.

ಶಕ್ತಿಗಿಂತ ಯುಕ್ತಿ ಮೇಲು ಎಂದು ಗಾದೆ ಹೇಳಿ ಇಲ್ಲಿಗೇ ಮುಗಿಸಬಹುದಿತ್ತು. ಗಾದೆಗಳ ತೊಂದರೆಯೆಂದರೆ ಯುಕ್ತಿ ಯಾವುದು ಎಂದು ಅವು ಹೇಳುವುದಿಲ್ಲ.

ನೆಲ ಓದುವುದು ಎಂದು ನಾನು ಕರೆಯುವ ಕೆಲಸ ಬಹಳ ಮುಂಚಿನಿಂದಲೇ ಶುರುವಾಗುತ್ತದೆ. ದೂರದಲ್ಲಿ ಸಿಗ್ನಲ್ ಕೆಂಪಾದರೆ ನನ್ನ ಕಣ್ಣು ಮೊದಲು ಹುಡುಕುವುದು ಎಡಪಾದ ಊರಬೇಕಾದ ಜಾಗವನ್ನು. ನಾವು ರಸ್ತೆಯ ಎಡಕ್ಕೆ ಓಡಿಸುವವರು. ರಸ್ತೆಯ ನಡುಭಾಗ ಉಬ್ಬಿ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ, ಮಳೆನೀರು ಹರಿದುಹೋಗಲಿ ಎಂದು. ಹಾಗಾಗಿ ನಮ್ಮ ಎಡಪಾದಕ್ಕೆ ಸಿಗುವ ನೆಲ ಯಾವಾಗಲೂ ಕೊಂಚ ತಗ್ಗು. ಆ ಇಳಿಜಾರಿನಿಂದ ಆಗುವ ವ್ಯತ್ಯಾಸ ಕೆಲವೇ ಮಿಲಿಮೀಟರ್. ನಿಜವಾದ ಶತ್ರು ಡಾಂಬರು ಮುಗಿಯುವ ಅಂಚು. ನಮ್ಮಲ್ಲಿ ಹಳೆಯ ಡಾಂಬರಿನ ಮೇಲೆ ಹೊಸದನ್ನು ಹಾಕುತ್ತಾ ಹೋಗುತ್ತಾರೆ, ಪಕ್ಕದ ಮಣ್ಣನ್ನು ಯಾರೂ ಎತ್ತರಿಸುವುದಿಲ್ಲ. ಹೀಗೆ ಹುಟ್ಟಿದ ಮೆಟ್ಟಿಲು ಗೇಣುದ್ದವಾದರೂ ಆಶ್ಚರ್ಯವಿಲ್ಲ. ದೊಡ್ಡ ಲಾರಿಗೆ ದಾರಿ ಬಿಡಲು ಅಂಚಿಗೆ ಸರಿದು, ಅಲ್ಲೇ ನಿಂತು, ಎಡಗಾಲು ಚಾಚಿದರೆ ಅಲ್ಲಿ ನೆಲವೇ ಇರುವುದಿಲ್ಲ. ಕಾಲು ನೆಲ ಹುಡುಕುವಷ್ಟರಲ್ಲಿ ಬೈಕು ಹತ್ತು ಹನ್ನೆರಡು ಡಿಗ್ರಿ ವಾಲಿರುತ್ತದೆ. ಆದ್ದರಿಂದ ಅಂಚಿನಿಂದ ಒಂದು ಮಾರು ಒಳಗೇ ನಿಲ್ಲುತ್ತೇನೆ, ಹಿಂದಿನವರು ಹಾರ್ನ್ ಬಾರಿಸಲಿ. ಬಾರಿಸುತ್ತಾರೆ ಕೂಡ.

ಪೆಟ್ರೋಲ್ ಬಂಕುಗಳು ಇನ್ನೊಂದು ಪರೀಕ್ಷೆ. ನೋಡಲು ಮಟ್ಟಸವಾದ ಕಾಂಕ್ರೀಟ್ ನೆಲ. ಆದರೆ ಚರಂಡಿಯ ಕಡೆಗೆ ಓರೆ ಇರುತ್ತದೆ, ನೆಲದಡಿಯ ಟ್ಯಾಂಕಿನ ಮುಚ್ಚಳಗಳು ಉಬ್ಬಿರುತ್ತವೆ, ಡೀಸೆಲ್ ಪಂಪಿನ ಮುಂದೆ ಚೆಲ್ಲಿದ ಜಿಡ್ಡು ಇರುತ್ತದೆ. ಒಂದೇ ಪಾದದ ಮೇಲೆ ಎಲ್ಲ ಭರವಸೆ ಇಟ್ಟವರಿಗೆ ಆ ಜಿಡ್ಡಿಗಿಂತ ದೊಡ್ಡ ವೈರಿ ಇಲ್ಲ. ಮಳೆಗಾಲದಲ್ಲಿ ರಸ್ತೆಯ ಮೇಲಿನ ಬಿಳಿ ಪಟ್ಟಿಗಳೂ ಹಾಗೆಯೇ. ಜೀಬ್ರಾ ಪಟ್ಟಿಗಿಂತ ಹಿಂದೆ ನಿಲ್ಲಬೇಕೆಂಬ ನಿಯಮವನ್ನು ನಾನು ಪಾಲಿಸುವುದು ಪಾದಚಾರಿಗಳ ಮೇಲಿನ ಗೌರವದಿಂದ ಎಂದು ಪೊಲೀಸರು ಭಾವಿಸಿದರೆ ಭಾವಿಸಲಿ. ಹಂಪುಗಳ ಕಥೆ ತಮಾಷೆಯದು. ಮುಂದಿನ ಗಾಲಿ ಹಂಪು ದಾಟಿ, ಹಿಂದಿನ ಗಾಲಿ ಇನ್ನೂ ದಾಟದೆ ನಿಂತಾಗ ನನ್ನ ಪಾದ ಎರಡು ಗಾಲಿಗಳ ನಡುವೆ ಉಬ್ಬಿದ ಹಂಪಿನ ಮೇಲೆಯೇ ಇರುತ್ತದೆ. ಸರಕಾರ ಅಳತೆ ಮೀರಿ ಕಟ್ಟಿಸಿದ ಹಂಪಿನ ಮೇಲೆ ನಿಂತ ಆ ಕೆಲವು ಕ್ಷಣ ಮಾತ್ರ ನನ್ನ ಕಾಲು ಯಾರಿಗೂ ಕಡಿಮೆಯಿಲ್ಲ.

ಇನ್ನು ನಿಲ್ಲುವ ಕ್ರಮ. ಎರಡು ಕಡೆ ಬೆರಳ ತುದಿ ಊರುವುದಕ್ಕಿಂತ ಒಂದು ಕಡೆ ಪೂರ್ತಿ ಪಾದ ಊರುವುದು ಎಷ್ಟೋ ಮೇಲು. ಬೆರಳ ತುದಿಗೆ ನೆಲ ಮುಟ್ಟಿದ ಸಮಾಧಾನ ಸಿಗುತ್ತದೆಯೇ ಹೊರತು ಹಿಡಿಯುವ ಬಲ ಸಿಗುವುದಿಲ್ಲ. ನಿಲ್ಲುವ ಮುಂಚೆಯೇ, ಬೈಕು ಇನ್ನೂ ಉರುಳುತ್ತಿರುವಾಗ, ಸೊಂಟವನ್ನು ಎಡಕ್ಕೆ ಸರಿಸಬೇಕು. ಸೀಟಿನ ಎಡ ಅಂಚು ಬಲತೊಡೆಯ ಬುಡಕ್ಕೆ ಬರುವಷ್ಟು. ಆಗ ಎಡಗಾಲು ನೇರವಾಗಿ ಕೆಳಕ್ಕೆ ಇಳಿಯುತ್ತದೆ, ಕಳೆದುಹೋಗಿದ್ದ ಸೆಂಟಿಮೀಟರುಗಳು ವಾಪಸ್ಸು ಬರುತ್ತವೆ. ಬಲಗಾಲು ಹಿಂದಿನ ಬ್ರೇಕಿನ ಮೇಲೆಯೇ ಇರುತ್ತದೆ. ಗೇರನ್ನು ನಿಲ್ಲುವ ಮೊದಲೇ ಒಂದನೆಯದಕ್ಕೆ ಇಳಿಸಿಟ್ಟುಕೊಂಡಿರಬೇಕು, ಏಕೆಂದರೆ ನಿಂತ ಮೇಲೆ ಎಡಗಾಲಿಗೆ ಬೇರೆ ಕೆಲಸವಿದೆ. ಉದ್ದ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಬೇಕಿದ್ದರೆ ಉರುಳುವಾಗಲೇ ಹಾಕಿಕೊಳ್ಳುತ್ತೇನೆ, ಇಲ್ಲದಿದ್ದರೆ ಕ್ಲಚ್ ಹಿಡಿದೇ ಕಾಯುತ್ತೇನೆ. ಕೈ ನೋಯುತ್ತದೆ, ನಿಜ.

ಈ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಎರಡು ಮಾರಿನಲ್ಲಿ ಹ್ಯಾಂಡಲ್ ನೇರವಾಗಿರುವುದು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಹಿಡಿದರೆ ಬೈಕು ತಿರುಗಿದ ಕಡೆಗೆ ಮುಗ್ಗರಿಸುತ್ತದೆ. ನಿಧಾನ ವೇಗದಲ್ಲಿ ಬೀಳುವ ದೊಡ್ಡ ಬೈಕುಗಳಲ್ಲಿ ಹೆಚ್ಚಿನವು ಬೀಳುವುದು ಹೀಗೆಯೇ, ಸವಾರನ ಕಾಲು ಎಷ್ಟೇ ಉದ್ದವಿರಲಿ. ಕೊನೆಯಲ್ಲಿ ಮುಂದಿನ ಬ್ರೇಕನ್ನು ಬಿಟ್ಟು ಹಿಂದಿನದರಿಂದ ಮೆಲ್ಲಗೆ ನಿಲ್ಲಿಸಿದರೆ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕು ಕುಸಿದು ಮೇಲೆದ್ದು ತೂಗಾಡುವುದಿಲ್ಲ. ನಿಧಾನವಾಗಿ ತಿರುಗಬೇಕಾದಾಗಲೂ ಇದೇ ಬಲಗಾಲು: ಹಾಫ್ ಕ್ಲಚ್ (ಲಿವರನ್ನು ಅರ್ಧ ಮಾತ್ರ ಬಿಟ್ಟು ಹಿಡಿಯುವುದು), ಒಂದಿಷ್ಟು ಎಕ್ಸಲರೇಟರ್, ಹಿಂದಿನ ಬ್ರೇಕಿನ ಮೇಲೆ ಸಣ್ಣ ಒತ್ತಡ. ಇಂಜಿನ್ನು ಎಳೆಯುತ್ತದೆ, ಬ್ರೇಕು ತಡೆಯುತ್ತದೆ, ಈ ಎಳೆದಾಟದಲ್ಲಿ ಬೈಕು ನಡಿಗೆಯ ವೇಗದಲ್ಲೂ ನೆಟ್ಟಗಿರುತ್ತದೆ. ಕಣ್ಣು ಗಾಲಿಯ ಮುಂದಿನ ನೆಲಕ್ಕೆ ಬಿದ್ದರೆ ಬೈಕೂ ಅಲ್ಲಿಗೇ ಬೀಳುತ್ತದೆ. ಹೋಗಬೇಕಾದ ಕಡೆಗೆ ತಲೆಯನ್ನೇ ತಿರುಗಿಸಬೇಕು. ನಮ್ಮೂರಿನ ಖಾಲಿ ಮೈದಾನದಲ್ಲಿ ಇಟ್ಟಿಗೆಗಳನ್ನು ಸಾಲಾಗಿಟ್ಟು ನಾನು ಎಂಟು ಬರೆಯುತ್ತಿದ್ದಾಗ, ಕ್ರಿಕೆಟ್ ಆಡುವ ಹುಡುಗರು ಲೈಸೆನ್ಸ್ ಪರೀಕ್ಷೆಯಲ್ಲಿ ಎಷ್ಟು ಸಲ ಫೇಲಾಗಿದ್ದೀರಿ ಆಂಟಿ ಎಂದು ಕೇಳಿದರು. ಲೈಸೆನ್ಸ್ ಸಿಕ್ಕಿ ವರ್ಷಗಳಾಗಿದ್ದವು. ಆ ಪರೀಕ್ಷೆಗೆ ಹೆಚ್ಚಿನವರು ಸ್ಕೂಟರ್ ತಂದು ಎಂಟು ಬರೆದು ಹೋಗುತ್ತಾರೆ. ಅಲ್ಲಿ ಪಾಸಾದವರಿಗೆ ಭಾರದ ಬೈಕಿನ ಹಾಫ್ ಕ್ಲಚ್ ಗೊತ್ತಿರುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ.

ಘಾಟಿಯಲ್ಲಿ ಈ ಪಾಠಗಳೆಲ್ಲ ಒಟ್ಟಿಗೆ ಎದುರಾಗುತ್ತವೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ; ಚಾರ್ಮಾಡಿಯಲ್ಲಿ ಮಂಜೂ ಲಾರಿಯೂ ಒಟ್ಟಿಗೆ ಬರುತ್ತವೆ. ಏರುವಾಗ ಎಡಕ್ಕೆ ತಿರುಗುವ ಹೇರ್‌ಪಿನ್ ನನಗೆ ಅತಿ ಕಷ್ಟದ್ದು. ಒಳ ಅಂಚು ಕಡಿದಾಗಿರುತ್ತದೆ, ರಸ್ತೆ ಒಳಕ್ಕೇ ವಾಲಿರುತ್ತದೆ. ಅದರ ನಡುವೆ ನಿಲ್ಲಬೇಕಾಗಿ ಬಂದರೆ ಎಡಪಾದಕ್ಕೆ ಸಿಗುವುದು ಇಳಿಜಾರಿನ ತಳ. ಇದಕ್ಕೆ ನನ್ನ ಬಳಿ ಇರುವ ಉಪಾಯ ಒಂದೇ, ಅಲ್ಲಿ ನಿಲ್ಲದಿರುವುದು. ತಿರುವಿನ ಕೆಳಗೇ, ರಸ್ತೆ ಇನ್ನೂ ನೇರವಾಗಿರುವಲ್ಲಿ, ವೇಗ ಇಳಿಸಿ ಮೇಲಕ್ಕೆ ನೋಡುತ್ತೇನೆ. ಬಸ್ಸು ಇಳಿಯುತ್ತಿದ್ದರೆ ಅಲ್ಲೇ ಕಾಯುತ್ತೇನೆ. ಬೆಟ್ಟದ ಇಕ್ಕಟ್ಟಿನ ರಸ್ತೆಯಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡಬೇಕು ಎಂದು ಕಾನೂನು ಹೇಳುತ್ತದೆ. ಅದನ್ನು ನಂಬಿ ತಿರುವಿಗೆ ನುಗ್ಗುವಷ್ಟು ಕಾನೂನಿನ ಮೇಲೆ ಭಕ್ತಿ ನನಗಿಲ್ಲ. ಏರಿನಲ್ಲಿ ನಿಂತು ಹೊರಡುವಾಗ ಹಿಂದಿನ ಬ್ರೇಕೇ ಬೈಕನ್ನು ಹಿಡಿದಿರಬೇಕು, ಬಲಗೈ ಎಕ್ಸಲರೇಟರಿಗೆ ಬಿಡುವಾಗಿರಬೇಕು. ಕ್ಲಚ್ ಹಿಡಿಯತೊಡಗಿ ಬೈಕು ಮುಂದಕ್ಕೆ ತುಯ್ದಾಗ ಬ್ರೇಕು ಬಿಡಬೇಕು. ಎಡಪಾದ ಊರಲು ಇದೂ ಒಂದು ಕಾರಣ.

ಎಟುಕದ ಸವಾರರಿಗೆ ಒಬ್ಬ ಕುಲದೇವರು ಬೇಕಿದ್ದರೆ ನಾನು ಬೆಲ್ಜಿಯಂನ ಗ್ಯಾಸ್ಟನ್ ರಾಯೇಯ ಹೆಸರು ಹೇಳುತ್ತೇನೆ. 1975ರಿಂದ 1977ರವರೆಗೆ ಸತತವಾಗಿ ಮೂರು ಸಲ 125 ಸಿಸಿ ಬೈಕುಗಳ ಮಣ್ಣುದಾರಿಯ ರೇಸಾದ ಮೋಟೊಕ್ರಾಸ್‌ನಲ್ಲಿ ವಿಶ್ವ ಚಾಂಪಿಯನ್ ಆದವನು. ಆಮೇಲೆ 1984 ಮತ್ತು 1985ರಲ್ಲಿ ಪ್ಯಾರಿಸ್–ಡಾಕಾರ್ ರ‍್ಯಾಲಿಯನ್ನು ಬಿಎಂಡಬ್ಲ್ಯು ಬೈಕಿನಲ್ಲಿ ಗೆದ್ದ. ಆಳು ಕುಳ್ಳ, ಬೈಕು ಬೆಟ್ಟ. ಮರುಭೂಮಿ ದಾಟಲು ದೈತ್ಯ ಟ್ಯಾಂಕು ಹೊತ್ತ ಆ ಬೈಕಿನ ಮೇಲೆ ಕುಳಿತರೆ ಅವನ ಕಾಲು ನೆಲದ ಹತ್ತಿರವೂ ಬರುತ್ತಿರಲಿಲ್ಲ. ಅವನು ಒಂದು ಪಕ್ಕದಲ್ಲೇ ನಿಂತು ಬೈಕನ್ನು ಹೊರಡಿಸಿ, ಅದು ಉರುಳತೊಡಗಿದ ಮೇಲೆ ಇನ್ನೊಂದು ಕಾಲನ್ನು ಆಚೆಗೆ ದಾಟಿಸಿ ಕೂರುತ್ತಿದ್ದ ಎಂದು ಅವನನ್ನು ಕಂಡವರು ನೆನೆಯುತ್ತಾರೆ. ಇದನ್ನು ಯಾರೂ ಹಾಸನದ ಎನ್.ಆರ್. ವೃತ್ತದಲ್ಲಿ ಪ್ರಯತ್ನಿಸಬಾರದು. ಆದರೆ ಎರಡೂ ಪಾದ ಊರದವರು ದೊಡ್ಡ ಬೈಕು ಮುಟ್ಟಬಾರದು ಎನ್ನುವ ಬಂಧುಗಳಿಗೆ ಹೇಳಲು ಈ ಕಥೆ ಚೆನ್ನಾಗಿದೆ.

ಬೈಕನ್ನೇ ತಗ್ಗಿಸಬಹುದಲ್ಲ ಎನ್ನುವವರು ಬಹಳ. ತಗ್ಗಿಸಬಹುದು. ಹಿಂದಿನ ಶಾಕ್ ಅಬ್ಸಾರ್ಬರಿಗೆ ಜೋಡಿಸಿದ ಲಿಂಕನ್ನು ಬದಲಿಸಿ ಹಿಂಭಾಗ ಇಳಿಸುತ್ತಾರೆ, ಮುಂದಿನ ಫೋರ್ಕನ್ನು ಅದರ ಹಿಡಿಕೆಯೊಳಗೆ ಮೇಲಕ್ಕೆ ಸರಿಸಿ ಮುಂಭಾಗ ಇಳಿಸುತ್ತಾರೆ. ಹಿಂದೆ ಮಾತ್ರ ಇಳಿಸಿ ಮುಂದೆ ಹಾಗೇ ಬಿಟ್ಟರೆ ಹ್ಯಾಂಡಲ್ ಸೋಮಾರಿಯಾಗುತ್ತದೆ, ತಿರುವಿನಲ್ಲಿ ಹೊರಕ್ಕೆ ಹೋಗುತ್ತದೆ. ಸೈಡ್ ಸ್ಟ್ಯಾಂಡು ಹಳೆಯ ಅಳತೆಯದೇ ಆದ್ದರಿಂದ ಬೈಕು ಸ್ಟ್ಯಾಂಡಿನ ಮೇಲೆ ತೀರಾ ನೆಟ್ಟಗೆ ನಿಂತು, ಬಲಕ್ಕೆ ಸ್ವಲ್ಪ ಇಳಿಜಾರಿದ್ದರೂ ಉರುಳುತ್ತದೆ. ಆಗ ಸ್ಟ್ಯಾಂಡನ್ನು ಕತ್ತರಿಸಿ ಬೆಸೆಯಬೇಕು. ಕಲ್ಲಿಗೆ ತಾಗದಿರಲೆಂದು ದುಡ್ಡು ಕೊಟ್ಟು ಕೊಂಡ ಎತ್ತರವನ್ನು ಮತ್ತೆ ದುಡ್ಡು ಕೊಟ್ಟು ಕಳೆದುಕೊಂಡ ಹಾಗೆ ಆಗುತ್ತದೆ. ಸ್ಪ್ರಿಂಗನ್ನು ಸಡಿಲಗೊಳಿಸುವವರೂ ಇದ್ದಾರೆ. ಅದರಿಂದ ಕುಳಿತಾಗ ಒಂದೆರಡು ಸೆಂಟಿಮೀಟರ್ ಹೆಚ್ಚು ತಗ್ಗುತ್ತದೆ, ಗುಂಡಿ ಬಂದಾಗ ಬೆನ್ನಿಗೆ ಗೊತ್ತಾಗುತ್ತದೆ. ಪೇಟೆಯಲ್ಲಷ್ಟೇ ಓಡಿಸುವವರು ಲಿಂಕ್ ಬದಲಿಸಿಕೊಂಡರೆ ನನ್ನ ಆಕ್ಷೇಪವಿಲ್ಲ, ಅವರು ತಗ್ಗಿನ ಬೈಕನ್ನೇ ಕೊಳ್ಳಬಹುದಿತ್ತಲ್ಲ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ನನಗೆ ನಿಜವಾಗಿ ನೆರವಾದದ್ದು ಸೀಟು. ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಸೀಟು ಹೊಲಿಯುವ ಒಬ್ಬ ಹಿರಿಯರ ಬಳಿಗೆ ಹೋಗಿ ಎರಡು ಇಂಚು ತಗ್ಗಿಸಿಕೊಡಿ ಎಂದೆ. ಅವರು ನನ್ನನ್ನು ಬೈಕಿನ ಮೇಲೆ ಕೂರಿಸಿ, ತೊಡೆ ಒತ್ತುವ ಜಾಗದಲ್ಲಿ ಸೀಮೆಸುಣ್ಣದಿಂದ ಎರಡು ಗೆರೆ ಎಳೆದರು. "ಎತ್ತರ ತೆಗೆದರೆ ಫೋಮು ತೆಳ್ಳಗಾಗುತ್ತದೆ ಅಮ್ಮ, ನೂರು ಕಿಲೋಮೀಟರಿಗೆ ಕೂರಲಾರಿರಿ. ಇಲ್ಲಿ ಅಗಲ ತೆಗೆಯುತ್ತೇನೆ, ನೋಡಿ" ಎಂದರು. ಟ್ಯಾಂಕಿನ ಹಿಂದೆ, ಸೀಟಿನ ಎರಡು ಭುಜಗಳನ್ನು ಕೆತ್ತಿ, ಹೊಸ ರೆಕ್ಸಿನ್ ಹೊದಿಸಿ ಕೊಟ್ಟರು. ಎತ್ತರ ಅಳೆದರೆ ಹೆಚ್ಚೇನೂ ಬದಲಾಗಿರಲಿಲ್ಲ. ಪಾದ ಮಾತ್ರ ಹಿಮ್ಮಡಿಯ ಹತ್ತಿರದವರೆಗೆ ಊರತೊಡಗಿತು. ಇತ್ತೀಚೆಗೆ ಕಂಪನಿಗಳಿಗೂ ಈ ಬುದ್ಧಿ ಬರುತ್ತಿದೆ: 2023ರ ಕೊನೆಗೆ ಬಂದ ಹಿಮಾಲಯನ್ 450ರಲ್ಲಿ ಸೀಟನ್ನು 825 ಅಥವಾ 845 ಮಿಲಿಮೀಟರಿಗೆ ಹೊಂದಿಸಬಹುದು, 805ರ ತಗ್ಗು ಸೀಟೂ ಬೇರೆಯಾಗಿ ಸಿಗುತ್ತದೆ.

ಬೀಳಿಸುವ ಕಥೆಗಳನ್ನು ಇಲ್ಲಿ ಹೇಳುವುದಿಲ್ಲ. ದೊಡ್ಡ ಬೈಕು ಇಟ್ಟುಕೊಂಡ ಪ್ರತಿಯೊಬ್ಬರ ಬಳಿಯೂ ಅವು ಇರುತ್ತವೆ, ಎಲ್ಲವೂ ಒಂದೇ ತರಹದವು. ಎತ್ತುವುದು ಹೇಗೆ ಎನ್ನುವುದು ಹೆಚ್ಚು ಉಪಯೋಗದ ಮಾತು. ಮೊದಲು ಇಂಜಿನ್ ಆರಿಸಬೇಕು. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡನ್ನು ಹೊರಕ್ಕೆ ಎಳೆದಿಡಬೇಕು, ಇಲ್ಲದಿದ್ದರೆ ಎತ್ತಿದ ಬೈಕು ಎಡಕ್ಕೆ ಬೀಳುತ್ತದೆ. ಗೇರಿನಲ್ಲಿಟ್ಟರೆ ಉರುಳುವುದಿಲ್ಲ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಬೈಕಿಗೆ ಬೆನ್ನು ಮಾಡಿ ಸೀಟಿಗೆ ಸೊಂಟದ ಕೆಳಭಾಗ ಒತ್ತಿ ಕುಕ್ಕರಗಾಲಿನಲ್ಲಿ ಕೂರಬೇಕು. ಒಂದು ಕೈ ಕೆಳಗಿರುವ ಹಿಡಿಕೆಗೆ, ಇನ್ನೊಂದು ಹಿಂದಿನ ಕಂಬಿಗೆ. ಬೆನ್ನು ನೇರವಾಗಿಟ್ಟುಕೊಂಡು ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯುತ್ತಾ ಹೋದರೆ ತೊಡೆಗಳು ಎತ್ತುತ್ತವೆ, ತೋಳಿಗೆ ಹಿಡಿದುಕೊಳ್ಳುವ ಕೆಲಸವಷ್ಟೇ. ಇಂಜಿನ್ನಿಗೆ ಕಬ್ಬಿಣದ ಗಾರ್ಡ್ ಇದ್ದರೆ ಬೈಕು ಪೂರ್ತಿ ಮಲಗದೆ ಅರೆವಾಲಿ ನಿಲ್ಲುತ್ತದೆ, ಎತ್ತುವ ಕೆಲಸ ಅರ್ಧ ತಪ್ಪುತ್ತದೆ. ಬೀಳುವಾಗ ಕಾಲು ಕೊಟ್ಟು ತಡೆಯಲು ಹೋಗಬಾರದು. ಹತ್ತು ಡಿಗ್ರಿ ದಾಟಿದ್ದನ್ನು ಬಿಟ್ಟುಬಿಡಬೇಕು, ಲಿವರು ಮುರಿದರೆ ಇನ್ನೂರು ಮುನ್ನೂರು ರೂಪಾಯಿ. ಜನ ಓಡಿ ಬಂದರೆ ಬೇಡವೆನ್ನುವುದಿಲ್ಲ. ಆದರೆ ಸಹಾಯಕ್ಕೆ ಬಂದವರು ನೇರ ಹ್ಯಾಂಡಲಿಗೆ ಕೈಹಾಕಿ ಎಕ್ಸಲರೇಟರ್ ತಿರುವುತ್ತಾರೆ. ಹಿಂದೆ ಹಿಡಿದುಕೊಳ್ಳಿ ಅಣ್ಣ, ಮುಂದೆ ನಾನು ನೋಡಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಿಂದಕ್ಕೆ ತಳ್ಳುವ ಕೆಲಸವನ್ನು ಕುಳಿತು ಮಾಡುವುದಿಲ್ಲ. ಬೆರಳ ತುದಿಯಿಂದ ನೆಲ ಕೆದಕುತ್ತಾ ಬೈಕನ್ನು ಹಿಂದೆ ಸರಿಸುವುದು ನನ್ನಿಂದಾಗದು. ಇಳಿದು ಎಡಕ್ಕೆ ನಿಂತು, ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು, ಬಲ ಸೊಂಟವನ್ನು ಟ್ಯಾಂಕಿನ ಬುಡಕ್ಕೆ ಆನಿಸಿ, ಬೈಕನ್ನು ನನ್ನ ಕಡೆಗೆ ಕೂದಲೆಳೆಯಷ್ಟು ವಾಲಿಸಿಕೊಂಡು ನಡೆಯುತ್ತೇನೆ. ಅಜ್ಜಿಯ ಊರಿನಲ್ಲಿ ಬೋರಿನಿಂದ ನೀರಿನ ಕೊಡವನ್ನು ಸೊಂಟಕ್ಕೆ ಒರಗಿಸಿ ತಂದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಭಾರ ಮೈಗೆ ತಾಗಿದ್ದಷ್ಟೂ ಹಗುರ, ದೂರ ಸರಿದಷ್ಟೂ ಭಾರ. ಇದಕ್ಕಿಂತ ಜಾಣತನವೆಂದರೆ ಹಿಂದಕ್ಕೆ ತಳ್ಳುವ ಪ್ರಸಂಗವೇ ಬರದಂತೆ ನಿಲ್ಲಿಸುವುದು. ಮುಳ್ಳಯ್ಯನಗಿರಿಯಂತಹ ಜಾಗದಲ್ಲಿ ವಾರಾಂತ್ಯ ಹೋದರೆ ಜನ ಇಳಿಜಾರಿಗೆ ಮುಖ ಮಾಡಿ ಸಿಕ್ಕ ಸಂದಿಯಲ್ಲಿ ಬೈಕು ತೂರಿಸಿರುತ್ತಾರೆ, ಹೊರಡುವಾಗ ನಾಲ್ಕು ಜನ ಸೇರಿ ಮೇಲಕ್ಕೆ ಎಳೆಯುತ್ತಾರೆ. ನಾನು ಏರಿಗೆ ಮುಖ ಮಾಡಿ, ಗೇರಿನಲ್ಲಿಟ್ಟು ನಿಲ್ಲಿಸುತ್ತೇನೆ. ಸ್ಟ್ಯಾಂಡೂ ಜಾರುವುದಿಲ್ಲ, ಹೊರಡುವಾಗ ಯಾರ ಹಂಗೂ ಇಲ್ಲ. ಕಾಲು ಕಿಲೋಮೀಟರ್ ಹಿಂದೆ ನಿಲ್ಲಿಸಿ ನಡೆಯಬೇಕಾಗಿ ಬಂದರೂ ಸರಿ.

ಮೇನ್ ಸ್ಟ್ಯಾಂಡು ಹಾಕುವುದನ್ನು ಕಲಿಸಿದವರು ನಮ್ಮ ಚಿಕ್ಕಪ್ಪ. ಅವರ ಬಳಿ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಇತ್ತು, ಕಿಕ್ ಹೊಡೆಯುವ ಕಡ್ಡಿಯೇ ಮುಂದಕ್ಕೆ ಮಡಚಿಕೊಂಡು ಗೇರ್ ಕಡ್ಡಿಯಾಗುವ ಗಾಡಿ. "ಎಳೆಯಬೇಡ ಮಗಳೇ, ತುಳಿ" ಎಂದಿದ್ದರು. ದೇಹದ ತೂಕವನ್ನೆಲ್ಲ ಸ್ಟ್ಯಾಂಡಿನ ಕಾಲಿನ ಮೇಲೆ ಹಾಕಿದರೆ ಹಿಮಾಲಯನ್ ಕೂಡ ತಾನೇ ಮೇಲೆ ಹತ್ತಿಕೊಳ್ಳುತ್ತದೆ. ಚಿಕ್ಕಪ್ಪನೂ ನನ್ನಷ್ಟೇ ಎತ್ತರ. ಅವರ ಎತ್ತರದ ಬಗ್ಗೆ ಯಾರೂ ಯಾವತ್ತೂ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವಾಗ ನಿಯಮ ಕಠಿಣ: ನಾನು ಹೂಂ ಎನ್ನುವವರೆಗೆ ಹತ್ತುವಂತಿಲ್ಲ, ನಿಂತಾಗ ಹೇಳದೆ ಇಳಿಯುವಂತಿಲ್ಲ. ಹತ್ತುವವರು ಎಡ ಫುಟ್‌ರೆಸ್ಟ್ ಮೇಲೆ ಪೂರ್ತಿ ತೂಕ ಹಾಕುತ್ತಾರೆ, ಅಷ್ಟನ್ನೂ ತಡೆಯುವುದು ನನ್ನ ಒಂದು ಪಾದ. ಅದಕ್ಕೇ ಸೈಡ್ ಸ್ಟ್ಯಾಂಡು ಇಳಿಸಿಟ್ಟೇ ಹತ್ತಿಸಿಕೊಳ್ಳುತ್ತೇನೆ. ನನ್ನ ತಮ್ಮ ಐದು ಅಡಿ ಹನ್ನೊಂದು ಇಂಚು. ಸಿಗ್ನಲ್‌ನಲ್ಲಿ ಹಿಂದಿನ ಸೀಟಿನಿಂದಲೇ ಅವನ ಎರಡೂ ಕಾಲು ನೆಲಕ್ಕೆ ಊರಿರುತ್ತವೆ, ಓಡಿಸುವ ನನ್ನದು ಒಂದೇ. ಪಕ್ಕದ ಆಟೋದವರು ಅವನನ್ನೇ ನೋಡಿ ನಗುತ್ತಾರೆ, ನನ್ನನ್ನಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಎತ್ತರ ನಿಜಕ್ಕೂ ಬೇಕಾಗುವ ಜಾಗಗಳಿವೆ. ಲಾರಿ ಚಕ್ರಗಳು ಕೊರೆದ ಆಳವಾದ ಕೆಸರಿನ ಜಾಡು ಅಂಥದ್ದು. ಬೈಕು ಜಾಡಿನೊಳಗೆ ಸಿಕ್ಕಿಕೊಂಡರೆ ಉದ್ದ ಕಾಲಿನವರು ಎರಡು ಕಡೆಯ ದಿಬ್ಬಗಳಿಗೆ ಕಾಲು ಕೊಟ್ಟು ದೋಣಿ ಹುಟ್ಟು ಹಾಕಿದಂತೆ ದಾಟಿಬಿಡುತ್ತಾರೆ. ನಾನು ದಿಬ್ಬದ ಮೇಲೇ, ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ನಿಲ್ಲಿಸದೆ ಹೋಗಬೇಕು. ಅದು ಸಾಧ್ಯವಾಗುವ ದಿನವೂ ಉಂಟು, ಆಗದ ದಿನವೂ ಉಂಟು. ಹಳ್ಳ ದಾಟುವುದು ಇನ್ನೊಂದು. ನೀರಿನಡಿಯ ಕಲ್ಲು ಕಾಣುವುದಿಲ್ಲ, ನಡುವೆ ನಿಂತರೆ ಪಾದಕ್ಕೆ ಏನು ಸಿಗುತ್ತದೆ ಎಂದು ಮೊದಲೇ ತಿಳಿಯುವ ದಾರಿಯಿಲ್ಲ. ಮಳೆಗಾಲದಲ್ಲಿ ಬಿಸಿಲೆ ಕಡೆಯ ಒಳದಾರಿಗಳಲ್ಲಿ ಅಂಥದ್ದು ಎದುರಾದರೆ ಬೈಕನ್ನು ಈಚೆಗೇ ನಿಲ್ಲಿಸಿ, ನೀರಿಗಿಳಿದು ನಡೆದು ನೋಡುತ್ತೇನೆ. ಮೊಣಕಾಲಿನೊಳಗಿದ್ದು ತಳ ಗಟ್ಟಿಯಿದ್ದರೆ ದಾಟುತ್ತೇನೆ. ಹೆಚ್ಚಿದ್ದರೆ ಜೊತೆಯಲ್ಲಿ ಬಂದ ಉದ್ದ ಕಾಲಿನವರಾರಾದರೂ ನನ್ನ ಬೈಕನ್ನು ದಾಟಿಸಿಕೊಡುತ್ತಾರೆ, ಸಂಕೋಚವಿಲ್ಲದೆ ಕೀಲಿ ಕೊಡುತ್ತೇನೆ. ಒಬ್ಬಳೇ ಇದ್ದರೆ ವಾಪಸ್ಸು. ಬೈಕು ತಿರುಗಿಸಲು ಮಟ್ಟಸವಾದ ಜಾಗ ಎಲ್ಲಿದೆ ಎಂದು ಬರುವಾಗಲೇ ನೋಡಿಟ್ಟುಕೊಂಡಿರುತ್ತೇನೆ.